ನೀರುಗಂಟಿಯ ಮೊಮ್ಮಗ ಮೀಟರ್ ಓದುತ್ತಾನೆ

ಅರಳಕೋಡಿ ಈಗ ಊರಲ್ಲ, ವಾರ್ಡು.
ಕೋಲಾರ ನಡೆದು ಬರಲಿಲ್ಲ ಅಲ್ಲಿಗೆ;
ಚಳಿಗೆ ಮಗ್ಗುಲವನ ಕಂಬಳಿ ಎಳೆದುಕೊಂಡಂತೆ
ನಿದ್ದೆಯಲ್ಲೇ ಎಳೆದುಕೊಂಡಿತು.

ತಿಂಗಳ ಮೊದಲ ವಾರ ನನ್ನ ಸರದಿ.
ಹೆಗಲಲ್ಲಿ ಬಿಲ್ಲಿನ ಯಂತ್ರ, ಕೈಯಲ್ಲೊಂದು ಕೋಲು.
ನನ್ನ ಕೋಲು ನಾಯಿಗೆ,
ತಾತನ ಕೋಲು ನೀರಿಗಿತ್ತು.

ತೂಬಿನ ಮೇಲೆ ನಿಂತು ತಾತ ನಾರೆಪ್ಪ
ಇಂಥವರ ಗದ್ದೆಗೆ ಇಷ್ಟು ಹೊತ್ತು ಅಂದರೆ
ಪಟೇಲರೂ ಗಡಿಯಾರ ತೆಗೆಯುತ್ತಿರಲಿಲ್ಲವಂತೆ.
ಬಾಯಾರಿದಾಗ ಮಾತ್ರ
ಅದೇ ನೀರಿಗೆ ಬೊಗಸೆಯೊಡ್ಡಿ
ಯಾರಾದರೂ ಮೇಲಿಂದ ಹೊಯ್ಯಲೆಂದು ಕಾಯಬೇಕಿತ್ತಂತೆ.
ಇದನ್ನು ಹೇಳುವಾಗೆಲ್ಲ ಅಪ್ಪ ನಗುತ್ತಿದ್ದ.
ಯಾಕೆ ನಗುತ್ತೀಯ ಅಂತ
ನಾನು ಕೇಳಲಿಲ್ಲ.

ಮೊದಲ ಮೀಟರು ಪ್ಯಾರೇಜಾನ್ ಬೀಯವರದು.
ಗೂಡು ಬೇಯುವ ವಾಸನೆಗೆ ನಾನು ಮೂಗು ಮುಚ್ಚುವುದಿಲ್ಲ,
ಮುಚ್ಚಿದವರ ಮುಖ ಅವರು ಮರೆಯುವುದಿಲ್ಲ.
'ಹುಷಾರು ಬೇಟಾ, ಮೆಟ್ಟಿಲು ಒದ್ದೆ' ಅನ್ನುತ್ತಾರೆ.
ನಲವತ್ತು ವರ್ಷದಿಂದ ಒದ್ದೆ ಆ ಮೆಟ್ಟಿಲು.
ಬಿಸಿನೀರಲ್ಲಿ ಬೆಂದ ಬೆರಳು, ಎಳೆ ಸಿಕ್ಕಿದೊಡನೆ
ಹುಡುಗಿಯ ಬೆರಳಾಗುತ್ತದೆ.

ಮುಂದಿನದು ಬೆಸ್ತರ ಗಂಗುಲಪ್ಪ.
ಕೆರೆ ಒಣಗಿದ ಹದಿನಾಲ್ಕು ವರ್ಷ
ಬಲೆ ಗೋಡೆಯಲ್ಲಿತ್ತು, ಅದರಲ್ಲಿ ಸೋರೆ ಹಬ್ಬಿತ್ತು.
ಆಮೇಲೆ ಕೊಳವೆಯಲ್ಲಿ ಬಂತು ನೀರು,
ಬೆಂಗಳೂರು ಮುಖ ತೊಳೆದು
ಮೈ ತೊಳೆದು, ಇನ್ನೂ ಏನೇನೋ ತೊಳೆದು
ಸೋಸಿ ಕಳಿಸಿದ ನೀರು.
ಹಿಂದೆಯೇ ಜಿಲೇಬಿ ಮೀನು, ಬುಟ್ಟಿಗಟ್ಟಲೆ.
'ತಿಂತೀಯೇನಣ್ಣ?'
'ನಾನ್ಯಾಕೆ ತಿನ್ನಲಿ? ಬೆಂಗಳೂರಿಗೇ ಮಾರ್ತೀನಿ.
ಅವರ ನೀರು, ಅವರ ಮೀನು,
ನಡುವೆ ನನ್ನದೊಂದು ತಕ್ಕಡಿ.'

ಸಣ್ಣ ರೈಲು ನಿಲ್ಲುತ್ತಿದ್ದ ಕಡೆ ಒಂಟಿ ಹೆಂಚಿನ ಮನೆ.
ಗಾಡಿ ಎಷ್ಟು ನಿಧಾನವೆಂದರೆ
ಏರಿ ತಿರುವಿನಲ್ಲಿ ಇಳಿದು ಸೀಬೆ ಕಿತ್ತು
ಮತ್ತೆ ಅದೇ ಡಬ್ಬಿ ಹತ್ತುತ್ತಿದ್ದರಂತೆ.
ಟಿಕೆಟು ಕೊಡುತ್ತಿದ್ದ ಶ್ರೀಕಂಠಯ್ಯ
ತೀರಿಕೊಂಡು ಮೂವತ್ತೆಂಟು ವರ್ಷ,
ಬಿಲ್ಲು ಅವರ ಹೆಸರಲ್ಲೇ.
ಒಂದು ತಿಂಗಳೂ ಬಾಕಿಯಿಲ್ಲ.
'ಹೆಸರು ಬದಲಾಯಿಸಿಕೊಳ್ಳಿ ಮೇಡಂ, ಅರ್ಜಿ ನಾನೇ ಬರೆದುಕೊಡ್ತೀನಿ.'
ಮಗಳು ವರದಮ್ಮ ಕನ್ನಡಕ ಒರೆಸಿಕೊಂಡರು.
'ಬದಲಾಯಿಸಿದರೆ
ಬಾಗಿಲಲ್ಲಿ ನಿಂತು ಅಪ್ಪನ ಹೆಸರು ಕೂಗೋರು
ಯಾರಪ್ಪ?'
ಅಂದಿನಿಂದ ನಾನು ಸ್ವಲ್ಪ ಜೋರಾಗಿಯೇ ಕೂಗುತ್ತೇನೆ.

ಲೇಕ್ ವ್ಯೂ ಲೇಔಟಿನಲ್ಲಿ ಹನ್ನೆರಡು ಬೀದಿ.
ಯಾವುದರಿಂದಲೂ ಕೆರೆ ಕಾಣದು.
ಬೀಗ, ಬೀಗ, ನಾಯಿ, ಬೀಗ.

ಮಧ್ಯಾಹ್ನ ಕೋಡಿಯ ಬಳಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ
ಬುತ್ತಿ ಬಿಚ್ಚುತ್ತೇನೆ.
ಅದು ಶಾಸನವಂತೆ. ಕಾಲೇಜಿನ ಮೇಷ್ಟರೊಬ್ಬರು
ಮಂಡಿಯೂರಿ ಕಾಗದ ಒತ್ತಿ ಮಸಿ ಬಳಿದು ಹೋದರು.
ಕೆರೆ ಕಟ್ಟಿಸಿದವನಿಗೆ ಬಿಟ್ಟ ಗದ್ದೆಯ ಲೆಕ್ಕ,
ಕೊನೆಗೊಂದು ಶಾಪ:
ಇದನ್ನಳಿದವನು ಗಂಗೆಯ ತಡಿಯಲ್ಲಿ
ಕವಿಲೆಯ ಕೊಂದ ಪಾಪಕ್ಕೆ ಹೋಹನು.
ಅಳಿಸಿದ್ದು ಯಾರೆಂದು ಕೇಳಿದರೆ ಇಡೀ ಊರು ಕೈಯೆತ್ತಬೇಕು:
ಸೀರೆ, ಕೌದಿ, ಬಾಣಂತಿಯ ಬಟ್ಟೆ, ಶಾಲೆಯ ಅಂಗಿ,
ಒಂದೊಂದು ಬಡಿತಕ್ಕೆ ಒಂದೊಂದು ಕಾಲು ಕೊಂಬು.
ಶಾಪವೂ ಸೋಪಿನಲ್ಲಿ ಹೋಯಿತು.
ಉಳಿದ ಅಕ್ಷರ ಎರಡೇ, 'ಬಿಟ್ಟ' ಅಂತ.
ಯಾರು, ಯಾರಿಗೆ, ಎಷ್ಟು, ಕಾಣುವುದಿಲ್ಲ.
ನಾರೆಪ್ಪನ ಹೆಸರು ಅದರಲ್ಲಿ
ಅಳಿಯುವ ಮೊದಲೂ ಇರಲಿಲ್ಲ.

ಕೈತೊಳೆಯಲು ಇಳಿದವನು ಸುಮ್ಮನೆ
ಕೋಲನ್ನು ನೀರಿಗಿಟ್ಟೆ, ತಳ ಮುಟ್ಟುವ ತನಕ.
ಮೇಲೆತ್ತಿ ಒದ್ದೆಯನ್ನು ಗೇಣು ಹಾಕಿ ಅಳೆದೆ:
ನಾಲ್ಕು, ಮೇಲೆ ಮೂರು ಬೆರಳು.
ಯಂತ್ರದಲ್ಲಿ ಒತ್ತಲು ಗುಂಡಿಯಿಲ್ಲ.
ಕೋಲಿಗೆ ಹೆದರಬೇಕಾದ ನಾಯಿ
ಹತ್ತಿರ ಬಂದು ಒದ್ದೆ ತುದಿಯನ್ನು ಮೂಸಿತು,
ಸೀನಿತು,
ಲೇಔಟಿನ ಕಡೆ ನಡೆಯಿತು.