ಮೈದಾನದ ಅರ್ಧ

ಡಾಕ್ಟರು ಹೇಳಿದ್ದು: ಸಾಧ್ಯವಾದಷ್ಟು ದಿನ, ಅರ್ಧ ಗಂಟೆ.
ನಾನು ಕೇಳಿಸಿಕೊಂಡದ್ದು: ದಿನಾ.

ಐವತ್ತೊಂದನೇ ವಯಸ್ಸಿಗೆ ಮೊದಲ ಜೊತೆ ಶೂ,
ವಿರಾಜಪೇಟೆಯಲ್ಲಿ, ರಿಯಾಯಿತಿಯಲ್ಲಿ, ಒಂದು ಸೈಜು ದೊಡ್ಡದು.
"ಕಾಲು ಊದುತ್ತೆ ಮೇಡಂ" ಎಂದ ಅಂಗಡಿ ಹುಡುಗ.
ಅವಮಾನ ಅಂದುಕೊಂಡೆ.

ನಮ್ಮ ಮನೆಯಲ್ಲಿ ಎಲ್ಲರೂ ಹಾಕಿ ಆಡಿದವರು.
ಅಣ್ಣ ಸೆಂಟರ್ ಹಾಫ್, ಚಿಕ್ಕಮ್ಮನ ಮಗಳು ಗೋಲ್‌ಕೀಪರ್,
ನಾನು ಗೆರೆಯಾಚೆ ಕಿತ್ತಳೆ ಸುಲಿದು ಕೊಡುವವಳು.
ಆಮೇಲೆ ಇಪ್ಪತ್ತೆಂಟು ವರ್ಷ
ಅಮ್ಮತ್ತಿ ಅಂಚೆ ಕಚೇರಿಯ ಕುರ್ಚಿ.
ಊರೂರು ತಿರುಗಿದ್ದು ನನ್ನ ಎಂಜಲು ಮಾತ್ರ,
ಅಂಚೆಚೀಟಿಯ ಬೆನ್ನಿನಲ್ಲಿ.

ಬೆಳಿಗ್ಗೆ ಐದೂಮುಕ್ಕಾಲು, ಶಾಲೆ ಮೈದಾನ.
ಮಂಜಿನಾಚೆ ಗೋಲ್‌ಪೋಸ್ಟ್ ಇದೆಯೆಂದು
ನಂಬಿಯೇ ಹೊರಡಬೇಕು.
ಮೊದಲ ಸುತ್ತು ನಡಿಗೆ. ಎರಡನೆಯದು ಬಿರುಸು.
ಮೂರನೆಯದರಲ್ಲಿ ಎದೆಯೊಳಗೆ
ಯಾರೋ ಕಾಫಿಬೀಜ ಕುಟ್ಟುತ್ತಿದ್ದರು.
ಮನೆಗೆ ಬಂದು ಕ್ಯಾಲೆಂಡರಿನ ಮೇಲೆ
ಸವೆದು ಮೂಲೆಗೆ ಬಿದ್ದ ಒಂದು ರಬ್ಬರ್ ಮೊಹರು ಒತ್ತುತ್ತಿದ್ದೆ:
ತಲುಪಿದೆ.

ಹನ್ನೊಂದು ದಿನ, ಹನ್ನೊಂದು ಮೊಹರು.
ಒಂದು ದಿನ ಬಿಟ್ಟರೆ? ಅಂಚೆಯವರಿಗೆ ಗೊತ್ತು
ಭಾನುವಾರ ಎಂದರೇನು:
ಸೋಮವಾರದ ಚೀಲ ಎರಡರಷ್ಟು.
ರಜೆ ಕಳೆದುಹೋಗುವುದಿಲ್ಲ, ಬಾಗಿಲಲ್ಲಿ ಕೂತಿರುತ್ತದೆ
ಬಾಯಿ ಬಿಗಿದ ಗೋಣಿಯಾಗಿ.

ಹನ್ನೆರಡನೇ ದಿನ ಮೆಟ್ಟಿಲಿಳಿಯುವಾಗ
ಬಲಮಂಡಿ ಒಣಬಿದಿರಿನ ಹಾಗೆ ಮಾತಾಡಿತು.
ಹದಿಮೂರಕ್ಕೆ ಊದಿತು.
(ಪಾದ ಅಂದಿದ್ದ ಆ ಹುಡುಗ, ಮಂಡಿ ಅಂದಿರಲಿಲ್ಲ.)
ಆದರೂ ಹೋದೆ, ಕುಂಟುತ್ತ.

ಮೈದಾನದ ಅರ್ಧಕ್ಕೆ ಹಗ್ಗ.
ಗೂಟ ಹೊಡೆಯುತ್ತಿದ್ದ ಆಲಿಕುಟ್ಟಿ,
ಅಲ್ಲಿಯ ಹುಲ್ಲು ನೋಡಿಕೊಳ್ಳುವವನು.
ಗೋಲಿನೆದುರು ನೆಲ ಬೋಳು, ಮಡಕೆಯ ತಳದ ಹಾಗೆ.
"ಎಲ್ಲರೂ ಇಲ್ಲೇ ನಿಲ್ಲುವುದಲ್ವ" ಅಂದ.
"ನೀರು ಹಾಕಿದರೆ?"
"ಹಾಕಿದೆ. ಗೊಬ್ಬರವೂ ಹಾಕಿದೆ.
ಕಾಲು ತೆಗೆಯದೆ ಒಂದೂ ಹಿಡಿಯುವುದಿಲ್ಲ."
ನನ್ನ ಮಂಡಿಯ ಕಡೆ ಅವನು ನೋಡಲಿಲ್ಲ.
ನೋಡಿದ್ದರೆ ಜಗಳವಾಡುತ್ತಿದ್ದೆ.

ಕಚೇರಿಯಲ್ಲಿ ಕುಶಾಲಪ್ಪನನ್ನು ಕೇಳಿದೆ,
ಮೂವತ್ತು ವರ್ಷ ಅಂಚೆಚೀಲ ಹೊತ್ತು ಸೈಕಲ್ಲು ತುಳಿದವನು,
ಏರಿಗೂ ಇಳಿಜಾರಿಗೂ ಒಂದೇ ಮುಖ:
ರಜೆ ದಿನ ಏನು ಮಾಡ್ತೀರಿ?
"ಚೈನು ಬಿಚ್ಚಿ ಎಣ್ಣೆಯಲ್ಲಿ ಹಾಕ್ತೇನೆ.
ಆಮೇಲೆ ಮಲಗ್ತೇನೆ ಅಕ್ಕ. ಎಂಥ ಕೇಳ್ತೀರಿ!"

ಕೈಲ್‌ಪೊಳ್ದಿಗೆ ಕತ್ತಿ ಕೋವಿಗೆಲ್ಲ ಹೂವಿಟ್ಟು
ಗೋಡೆಗೊರಗಿಸುವ ಮನೆಯಲ್ಲಿ ಹುಟ್ಟಿ
ಮಂಡಿಗೆ ಒಂದು ಬುಧವಾರ
ಕೊಡಲಾಗಲಿಲ್ಲವಲ್ಲ ನನಗೆ.

ಈಗ ಎರಡು ದಿನ ಹೋಗುತ್ತೇನೆ, ಮೂರನೆಯ ದಿನ ಇಲ್ಲ.
ಹೋಗುವುದು ಸುಲಭ. ಇಲ್ಲದ ದಿನವೇ ಕಷ್ಟ.
ಐದೂಮುಕ್ಕಾಲಿಗೆ ಕಣ್ಣು ತಾನೇ ಬಿಚ್ಚುತ್ತದೆ,
ಬಾಗಿಲ ಬಳಿ ಶೂ, ಸರಪಳಿ ಹಾಕಿದ ನಾಯಿಯ ಹಾಗೆ
ನನ್ನನ್ನೇ ನೋಡುತ್ತದೆ.
ಹೊದಿಕೆಯೊಳಗೆ ಎದೆಯ ಮೇಲೆ ಕೈಯಿಟ್ಟು ಎಣಿಸುತ್ತೇನೆ.
ಮೊದಲ ವಾರ ಎಂಬತ್ತೆಂಟು.
ಈಗ ಎಪ್ಪತ್ತೊಂಬತ್ತು, ಅದೂ ಮಲಗಿಕೊಂಡೇ.
ಯಾರು ಕೆಲಸ ಮಾಡುತ್ತಿದ್ದಾರೆ ಒಳಗೆ,
ನಾನು ಕಚೇರಿ ಮುಚ್ಚಿದ ಮೇಲೂ?

ನಿನ್ನೆ ಖಾಲಿ ಚೌಕಕ್ಕೂ ಮೊಹರು ಒತ್ತಿದೆ.
ಶಾಯಿ ಒಣಗಿತ್ತು, ಅರ್ಧವೇ ಮೂಡಿತು:
ತಲು
ಇರಲಿ ಎಂದು ಬಿಟ್ಟೆ.

ಇವತ್ತು ಮೂರು ಸುತ್ತು, ಹಗ್ಗದ ಈಚೆ.
ಆಚೆಯದನ್ನು ಯಾವಾಗ ಬಿಡ್ತೀಯ ಎಂದು ಕೇಳಿದರೆ
ಆಲಿಕುಟ್ಟಿ ಕುಕ್ಕರಗಾಲಲ್ಲಿ ಕೂತು
ಬೋಳಿನ ಮೇಲೆ ಅಂಗೈ ಆಡಿಸಿದ,
ಹೊಸದಾಗಿ ಬೋಳಿಸಿದ ಮಗುವಿನ ತಲೆ ಸವರುವ ಹಾಗೆ.
"ನೋಡುವ" ಅಂದ.