ಸವಕಳಿ

ನಾವು ಒಂಬತ್ತು ಮಂದಿ. ಬೆಂಚು ಐದು.
ಕಿಟಕಿಯಾಚೆ ಎಂಬರಾರಾ ರಸ್ತೆಯಲ್ಲಿ
ಹಸಿ ಬಾಳೆಗೊನೆ ಹೇರಿದ ಲಾರಿಗಳು
ಕಂಪಾಲಾದ ಕಡೆಗೆ ಏದುತ್ತ ಏರುತ್ತವೆ.
ಕಮುಹಂಗಿರೆ ಮೇಷ್ಟ್ರು ಬೋರ್ಡಿನ ಮೇಲೆ
ಎಡದಿಂದ ಬಲಕ್ಕೆ ಇಳಿಯುವ ಗೆರೆಯೊಂದನ್ನು ಎಳೆದು
ಅಂದರು: ಇದು ಬಿಹೋಗೊ.

ಬಿಹೋಗೊ ನಮ್ಮ ಕಾಲೇಜಿನ ಹಸು.
ಸುಟ್ಟ ಇಟ್ಟಿಗೆಗಿಂತ ಒಂದು ಪಟ್ಟು ಕೆಂಪು,
ತಲೆ ಓರೆ ಮಾಡದೆ ಬಾಗಿಲು ದಾಟಲಾರದಷ್ಟು ಕೊಂಬು.
ಕೊಂಡ ಬೆಲೆ ಎಂಟು ಲಕ್ಷ ಶಿಲ್ಲಿಂಗ್;
ಆಯುಷ್ಯ, ಪಠ್ಯದ ಪ್ರಕಾರ, ಎಂಟು ವರ್ಷ.
ವರ್ಷಕ್ಕೆ ಲಕ್ಷದಂತೆ ಸವೆಸಿ, ಎಂದರು.
ಸವೆಸಿದೆವು.
ಮೊದಲು ಒಂದು ಕೊಂಬು ಹೋಯಿತು, ಆಮೇಲೆ ಇನ್ನೊಂದು,
ಐದನೇ ವರ್ಷಕ್ಕೆ ಹಿಂಗಾಲು,
ಎಂಟನೆಯ ಸಾಲಿನಲ್ಲಿ ನೊಣ ಓಡಿಸಲು ಬಾಲವೂ ಇಲ್ಲ:
ಸೊನ್ನೆ. ಕೆಳಗೆ ಜೋಡಿಗೆರೆ.

ಇದು ಅವಳಿಗೆ ಹನ್ನೊಂದನೇ ವರ್ಷ.
ನಿನ್ಸೀಮಾ ಕೈಯೆತ್ತಿದಳು:
ಹಾಗಾದರೆ ಸಾರ್, ಈಗವಳು ಮೈನಸ್ ಮೂರು ಲಕ್ಷವೇ?
ಇಲ್ಲ, ಲೆಕ್ಕ ಸೊನ್ನೆಗೆ ನಿಲ್ಲುತ್ತದೆ.
ಮತ್ತೆ, ಬೆಳಗಿನ ಚಹಾಕ್ಕೆ ಬರುವ ಹಾಲು?
ಅದು ಬೇರೆ ಪುಸ್ತಕ, ಎಂದರು
ಅಂಗಿಯ ಸೀಮೆಸುಣ್ಣ ಕೊಡವುತ್ತ,
ನಗು ಬಂದರೂ ನಗದೆ.

ನನ್ನ ಫೀಸು ಎಂದರೆ ಎರಡು ಹೋರಿ.
ಅವಕ್ಕೂ ಹೆಸರಿತ್ತು, ಕರೆದರೆ ಬರುತ್ತಿದ್ದವು.
ರಸೀದಿಯಲ್ಲಿ ನನ್ನ ಹೆಸರು ಮಾತ್ರ ಇದೆ,
ಅದೂ ಒಂದಕ್ಷರ ತಪ್ಪಾಗಿ.

ಸಂಜೆ ಪ್ರಾಕ್ಟಿಕಲ್ಲಿಗೆಂದು ಕೊಟ್ಟಿಗೆಗೆ ಹೋದೆ.
ಫಾರಮ್ಮಿನಲ್ಲಿ ಒಂದೇ ಅಂಕಣ ಬಾಕಿ: ಮೂಲ.
ರ್ವಬುಶೊಂಗೊ ತಾತ, ಅಕ್ಷರ ಬಾರದವನು,
ಮರದ ಗಿಂಡಿಯನ್ನು ಮೊಣಕಾಲ ಸಂದಿಯಲ್ಲಿ ಹಿಡಿದು
ಹಾಲಿನ ಸದ್ದಿಗೆ ಸರಿಯಾಗಿ ಶುರುಮಾಡಿದ:
ಇವಳು ಹಣೆಬಿಳಿಯವಳ ಮಗಳು,
ಅವಳು ಕಗೇರಾ ಹೊಳೆಯನ್ನು ಈಜಿ ದಾಟಿದವಳ ಮಗಳು,
ಆ ದಾಟಿದವಳು, ನಮ್ಮಜ್ಜಿಗೆ ತೆರವಾಗಿ ಬಂದ
ಏಳರಲ್ಲಿ ಕಡೆಯವಳ ಮಗಳು,
ಆ ಕಡೆಯವಳು ಇದ್ದಳಲ್ಲ, ಅವಳ ತಾಯಿ...

ಬರೆದೆ. ಅಂಕಣ ತುಂಬಿ ಅಂಚಿಗೆ ಬಂದೆ,
ಅಂಚು ತುಂಬಿ ಹಾಳೆ ಮಗುಚಿದೆ.
ಮೇಷ್ಟ್ರ ಗೆರೆಯನ್ನು ಮುದುಕ
ಬಲದಿಂದ ಎಡಕ್ಕೆ ಹತ್ತುತ್ತಿದ್ದ,
ಎಮ್ಮೆಟ್ಟಿನ ದಾರಿ ಹತ್ತುವಂತೆ ನಿಧಾನ,
ಅಲ್ಲಲ್ಲಿ ನಿಂತು, ಉಗುಳು ನುಂಗಿ.
ಗಿಂಡಿ ತುಂಬಿತು. ಅವನಿನ್ನೂ ತಲುಪಿರಲಿಲ್ಲ.

ಸೋಮವಾರ ಹಾಳೆ ವಾಪಸು ಬಂತು.
ಹತ್ತಕ್ಕೆ ಆರು. ಸವಕಳಿ ಸರಿ, ಕೂಡಿಸಿದ್ದು ಸರಿ.
ಹಿಂಬದಿಗೆ ಅಡ್ಡಲಾಗಿ ಕೆಂಪು ಶಾಯಿಯಲ್ಲಿ: ಅಪ್ರಸ್ತುತ.
ಅದರ ಕೆಳಗೆ, ಪೆನ್ಸಿಲಿನಲ್ಲಿ,
ಅಳಿಸಿ ಮತ್ತೆ ಬರೆದಂತಿದ್ದ ಸಣ್ಣ ಅಕ್ಷರ:
'ಹಣೆಬಿಳಿಯವಳು ನಮ್ಮ ಮನೆಯಿಂದ ಹೋದವಳು.
ಎಡಗಿವಿ ಹರಿದಿತ್ತು.
ತಾತನಿಗೆ ಮರೆತಿರಬೇಕು. ಸೇರಿಸಿಕೊ.'