ದೂರದ ಪಾಲು

ದಿಯೊಲಿಂಡಾ ಮೂರನೇ ಸಲ ಬಂದಳು,
ಕೈಚೀಲದಲ್ಲಿ ಮೂರು ಕನ್ನಡಕ,
ಮೂರೂ ನಾನೇ ಕೊಟ್ಟವು.
‘ಒಂದೂ ಆಗೋಲ್ಲ ಕಣೋ,
ನಿನ್ನ ಗಾಜಿಗೇ ನಿದ್ದೆ ಹತ್ತಿದೆ.’

ಪೆನೀಶ್ ಬಂದರಿನ ಹಿಂದಿನ ಬೀದಿ. ಬಾಗಿಲಾಚೆ
ಉಪ್ಪುಗಾಳಿ, ಸುಟ್ಟ ಸಾರ್ಡೀನಿನ ಹೊಗೆ.
ಅಕ್ಷರದ ಹಲಗೆ ತೋರಿಸಿದೆ.
ಕೊನೆಯ ಸಾಲನ್ನೂ ಓದಿದಳು,
ಅದರಡಿ ಅಚ್ಚು ಹಾಕಿದವನ ವಿಳಾಸವನ್ನೂ.
ದೃಷ್ಟಿಗೇನೂ ಆಗಿಲ್ಲ.
ಆದರೂ ಎವೆಯಂಚು ಕೆಂಪು,
ಮರಳು ಬಿದ್ದಂತೆ ಉರಿ,
ಸಂಜೆಯಾದರೆ ಹುಬ್ಬಿನ ಹಿಂದೆ
ಯಾರೋ ಸಣ್ಣ ಸುತ್ತಿಗೆಯಲ್ಲಿ ಮೊಳೆ ಹೊಡೆಯುತ್ತಾರಂತೆ.

ಅಂಗಡಿ ಮುಚ್ಚಿ ಅವಳ ಮನೆಗೇ ಹೋದೆ,
ಹೇಗೆ ಕೂರುತ್ತಾಳೆ ನೋಡೋಣವೆಂದು.

ಮುಂದೆ ಉರುಳೆದಿಂಬು,
ದಿಂಬಿನ ಮೇಲೆ ಕೇಸರಿ ಕಾಗದದ ನಕ್ಷೆ,
ನಕ್ಷೆಯ ತುಂಬ ಗುಂಡುಸೂಜಿ,
ನಲವತ್ತು ಜೊತೆ ಮರದ ಬಾಬಿನ್ನು.
ಕೈ ಓಡಿತು: ದಾಟಿಸು, ತಿರುಚು, ದಾಟಿಸು.
ಬಾಣಲೆಯಲ್ಲಿ ಕಾಳು ಸಿಡಿದ ಸದ್ದು.
ಕಣ್ಣು ಮಾತ್ರ ಅಲುಗಲಿಲ್ಲ.

ಗಡಿಯಾರ ಹಿಡಿದು ಎಣಿಸಿದೆ.
ನಿಮಿಷಕ್ಕೆ ನಾಲ್ಕು ಸಲ ಎವೆ ಬಡಿದಳು,
ಮಾತಾಡುವಾಗ ಹದಿನೈದು.
ಮಾತಾಡಲು ಯಾರಿದ್ದಾರೆ?
ಈ ಹೊಸಿಲಿನುದ್ದಕ್ಕೂ ಲೇಸು ಹೆಣೆಯುತ್ತ ಕೂರುತ್ತಿದ್ದ
ಒಂಬತ್ತು ಹೆಂಗಸರಲ್ಲಿ ಇವಳೊಬ್ಬಳು ಬಾಕಿ.
ಮೂರನೆಯ ಕುರ್ಚಿ ನನ್ನಮ್ಮನದು.

‘ಎಪ್ಪತ್ತೊಂದಕ್ಕೆ ಕಣ್ಣು ಮುಚ್ಚೋದು ಕಲಿಸ್ತೀಯಾ?
ಅದು ತಾನಾಗೇ ಬರುತ್ತಲ್ಲ.’
ಆದರೂ ಕಲಿಸಿದೆ. ಸಾಲು ಮುಗಿದಾಗೊಮ್ಮೆ,
ಅರೆಬರೆ ಅಲ್ಲ, ಬಾಗಿಲು ಹಾಕಿದ ಹಾಗೆ,
ಅಗುಳಿ ಬೀಳುವ ತನಕ.
ಬೆನ್ನ ಹಿಂದಿದ್ದ ದೀಪ ಎಡಕ್ಕೆ ತಂದೆ;
ಇಷ್ಟು ದಿನ ಅವಳು ತನ್ನ ನೆರಳಿನಲ್ಲೇ
ಹೂವು ಹುಡುಕುತ್ತಿದ್ದಳು.
ಹೀಟರು ನೇರ ಮುಖಕ್ಕೆ ಊದುತ್ತಿತ್ತು,
ಗೋಡೆಗೆ ತಿರುಗಿಸಿದೆ. ಗೋಡೆಗೆ ಕಣ್ಣಿಲ್ಲ.
ರಾತ್ರಿ, ಬಿಸಿನೀರಲ್ಲಿ ಹಿಂಡಿದ ಬಟ್ಟೆ
ಮುಚ್ಚಿದ ರೆಪ್ಪೆಯ ಮೇಲೆ,
ಅರ್ಧ ಜಪಮಾಲೆ ಮುಗಿಯುವಷ್ಟು ಹೊತ್ತು.

‘ಮತ್ತೆ ಆಗಾಗ ತಲೆಯೆತ್ತಿ
ದೂರ ನೋಡು’ ಅಂದೆ.

ಆಗ ಕೈ ನಿಂತಿತು.
‘ಎಲ್ಲಿದೆ?’

ಕಿಟಕಿಗೆ ಹೋದೆ.
ನಾನು ಹುಡುಗನಾಗಿದ್ದಾಗ ಅಲ್ಲಿ ಕಡಲಿತ್ತು.
ಈಗ ನಾಲ್ಕು ಮಾರಿನಾಚೆ
ಹೊಸ ಹೋಟೆಲಿನ ಬೆನ್ನು,
ಬಾತ್‌ರೂಮುಗಳ ಮಂಜುಗಾಜು, ಒಂದು ಎಕ್ಸಾಸ್ಟ್ ಫ್ಯಾನು.
ಬಾಲ್ಕನಿಗಳೆಲ್ಲ ಆ ಕಡೆಗೆ.

‘ಅಮ್ಮ ಹೇಳಿಕೊಟ್ಟದ್ದೇ ಹಾಗೆ.
ಒಂದು ಹೂವು ಮುಗಿಯಿತೋ, ಕತ್ತೆತ್ತು,
ದೋಣಿ ಎಣಿಸು, ಮತ್ತೆ ಬಗ್ಗು.
ಗಂಡಂದಿರಿಗಾಗಿ ಕಣ್ಣಿಗೆ ಎಣ್ಣೆ ಬಿಟ್ಟು ಕಾಯ್ತಾರೆ
ಅಂತ ನಮ್ಮ ಚಿತ್ರ ತೆಗೆದು ಕಾರ್ಡು ಮಾರಿದರು.
ನನ್ನ ಗಂಡ ಅಂಚೆ ಕಚೇರಿಯಲ್ಲಿದ್ದ ಕಣೋ!
ಕಾದದ್ದಲ್ಲ ಅದು.
ಕಣ್ಣನ್ನ ಮೇಯೋಕೆ ಬಿಟ್ಟದ್ದು.’

ಇಪ್ಪತ್ತಾರು ವರ್ಷದಿಂದ ಗಾಜು ಉಜ್ಜುತ್ತಿದ್ದೇನೆ,
ಚೀಟಿಯಲ್ಲಿ ಏನು ಬರೆಯಲಿ?
ಕಡಲು, ದಿನಕ್ಕೆ ಎಂಟು ಸಲ, ಊಟಕ್ಕೆ ಮುಂಚೆ?

ಕುರ್ಚಿ ಎತ್ತಿಕೊಂಡು ಮನೆಯೆಲ್ಲ ಅಲೆದೆವು.
ಮಂಚದ ಪಕ್ಕ, ಇಲ್ಲ. ಮೆಟ್ಟಿಲ ಮೇಲೆ, ಇಲ್ಲ.
ಅಡುಗೆಮನೆಯಲ್ಲಿ, ಪಾತ್ರೆಯ ಕಪಾಟು ಮೊಳದಷ್ಟು ಸರಿಸಿದಾಗ,
ಹೋಟೆಲಿನ ಮೂಲೆಗೂ
ಇಗರ್ಜಿಯ ನೀರಿನ ಟ್ಯಾಂಕಿಗೂ ನಡುವೆ,
ಚಾಚಿದ ಕೈಯ ಎರಡು ಬೆರಳಗಲ,
ನೀಲಿ.

ಅಲ್ಲೇ ಕೂತೆವು, ಒಲೆಗೆ ಬೆನ್ನು ಕೊಟ್ಟು.
ಬಹಳ ಹೊತ್ತು ಏನೂ ಬರಲಿಲ್ಲ.
ಆಮೇಲೆ ದೋಣಿಯೊಂದರ ಮೂತಿ ಹಣಕಿ,
ಹೊಟ್ಟೆ ದಾಟಿ, ಬಾಲ ಹೋಗಿ,
ಮತ್ತೆ ಬರೀ ನೀರು.
‘ಒಂದು’ ಅಂದಳು.

ನನ್ನ ಕಣ್ಣಲ್ಲೂ ಮರಳಿತ್ತೆಂದು
ಅದು ಕರಗುವಾಗ ಗೊತ್ತಾಯಿತು.
‘ಎವೆ ಬಡಿಯೋ’ ಅಂದಳು, ಎಣಿಸುತ್ತಿದ್ದಳೇನೋ.

ಹೊರಡುವಾಗ ಮೂರೂ ಕನ್ನಡಕದ
ದುಡ್ಡು ವಾಪಸು ಕೇಳಿದಳು.
ಎರಡಕ್ಕೆ ಕೊಟ್ಟೆ.